ತಾಮ್ರದಲ್ಲಿ ಉಳಿದ ಪಾದ್ರಿಗಳು, ಮುಖ ಉಳಿಸದ ಯತಿಗಳು

ಮಟ್ಟುವಿನಲ್ಲಿ ವಾದಿರಾಜರ ಗುರುತು ಒಂದು ಕಾಯಿ. ಕಟಪಾಡಿಯಿಂದ ಪಡುವಣಕ್ಕೆ ಇಳಿದರೆ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಹೊಯ್ಗೆ ಬೆರೆತ ಗದ್ದೆಗಳು. ಅಲ್ಲಿ ಬೆಳೆಯುವ ಗುಳ್ಳ ದುಂಡಗೆ, ತಿಳಿಹಸಿರಾಗಿ, ಮೈಮೇಲೆ ಬಿಳಿ ಗೀರು ಹೊತ್ತು, ತೊಟ್ಟಿನಲ್ಲಿ ಸಣ್ಣ ಮುಳ್ಳು ಇಟ್ಟುಕೊಂಡಿರುತ್ತದೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಊರಿನ ಮಾನ್ಯತೆ ಅದಕ್ಕಿಂತ ಬಹಳ ಹಳೆಯದು. ಸೋದೆ ಮಠದ ವಾದಿರಾಜ ತೀರ್ಥರು ಮಟ್ಟುವಿನವರ ಕೈಗೆ ಬೀಜ ಕೊಟ್ಟು ಬಿತ್ತಲು ಹೇಳಿದರು, ಅದರಿಂದ ಬಂದ ಕಾಯಿ ಇದು ಎಂಬ ಕಥೆ ಇಲ್ಲಿ ಮನೆಮನೆಯದು. ಆ ಕಥೆಯ ಒಂದು ಪಾಠದಲ್ಲಿ ಅವರು ಪೂಜಿಸುತ್ತಿದ್ದ ಕುದುರೆಮುಖದ ದೇವರು ಹಯಗ್ರೀವನ ನೈವೇದ್ಯಕ್ಕೆ ಯಾರೋ ವಿಷ ಬೆರೆಸುತ್ತಾರೆ, ದೇವರ ವಿಗ್ರಹ ನೀಲಿಗಟ್ಟುತ್ತದೆ, ಗುಳ್ಳದ ನೈವೇದ್ಯವಾದ ಮೇಲೆ ಆ ನೀಲಿ ಇಳಿಯುತ್ತದೆ. ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯಕ್ಕೆ ಉಡುಪಿಗೆ ಹೋಗುವ ಹೊರೆಕಾಣಿಕೆಯಲ್ಲಿ ಮಟ್ಟುವಿನ ಪಾಲು ಎಂದರೆ ಗುಳ್ಳವೇ.

ಇಷ್ಟೆಲ್ಲ ನೆನಪು ಉಳಿಸಿಕೊಂಡ ಊರು ತನ್ನ ಗುರುವಿನ ಮುಖವನ್ನು ಉಳಿಸಿಕೊಳ್ಳಲಿಲ್ಲ. ಅವರ ಮೂಗು ಹೇಗಿತ್ತು, ಹಣೆ ಎಷ್ಟು ಅಗಲ, ಮುಪ್ಪಿನಲ್ಲಿ ಕಣ್ಣಿನ ಸುತ್ತ ಸುಕ್ಕು ಹೇಗೆ ಬಿದ್ದಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ, ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಸಂಪ್ರದಾಯದ ಲೆಕ್ಕದಲ್ಲಿ ವಾದಿರಾಜರ ಕಾಲ 1480ರಿಂದ 1600. ಕುಂಭಾಶಿ ಬಳಿಯ ಹೂವಿನಕೆರೆಯಲ್ಲಿ ಹುಟ್ಟಿ, ಉಡುಪಿಯ ಎಂಟು ಮಠಗಳ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಬದಲಿಸಿ, ‘ಯುಕ್ತಿಮಲ್ಲಿಕಾ’, ‘ರುಕ್ಮಿಣೀಶವಿಜಯ’, ‘ತೀರ್ಥಪ್ರಬಂಧ’ಗಳನ್ನು ಬರೆದು, ಘಟ್ಟದ ಮೇಲಿನ ಸೋದೆಯಲ್ಲಿ ಬೃಂದಾವನಸ್ಥರಾದರು. ಅದೇ 1600ರ ಕೊನೆಯ ದಿನ, ಡಿಸೆಂಬರ್ 31ರಂದು, ಲಂಡನ್ನಿನಲ್ಲಿ ರಾಣಿ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಆ ಲಂಡನ್ನಿನಲ್ಲಿ ಮುಂದಿನ ನೂರು ವರ್ಷ ಒಂದು ವಿಚಿತ್ರ ಸಂಗತಿ ನಡೆಯಿತು. ಅಲ್ಲಿಯ ಪಾದ್ರಿಗಳ ಮುಖಗಳನ್ನು ತಾಮ್ರದ ಫಲಕದಲ್ಲಿ ಕೊರೆದು, ಕಾಗದಕ್ಕೆ ಒತ್ತಿ, ಪುಸ್ತಕದ ಮೊದಲ ಹಾಳೆಯಲ್ಲಿ ಹೊಲಿದು ಮಾರುವ ಕಸುಬು ಬೆಳೆಯಿತು. ಬಿಷಪ್ಪರು, ಹಳ್ಳಿಯ ಉಪದೇಶಕರು, ಗಲ್ಲಿಗೇರಿದವರು, ಇಗರ್ಜಿಯಿಂದ ಹೊರದೂಡಿಸಿಕೊಂಡವರು ಎಲ್ಲರೂ ಆ ತಾಮ್ರಕ್ಕೆ ಇಳಿದರು.

ಇದನ್ನು ವಿಚಿತ್ರ ಎಂದದ್ದಕ್ಕೆ ಕಾರಣವಿದೆ. ಆ ಕಾಲದ ಇಂಗ್ಲೆಂಡಿನ ಕಟ್ಟಾ ಪ್ರಾಟೆಸ್ಟೆಂಟರಿಗೆ ಚಿತ್ರವೆಂದರೆ ಆಗದು. ದೇವರ ರೂಪ ಮಾಡಬಾರದು ಎಂಬ ಬೈಬಲ್ ಆಜ್ಞೆಯನ್ನು ಅವರು ಅಕ್ಷರಶಃ ಹಿಡಿದಿದ್ದರು. ಹದಿನಾರನೆಯ ಶತಮಾನದಲ್ಲೇ ಇಗರ್ಜಿಗಳ ಸಂತರ ವಿಗ್ರಹಗಳು ಬಿದ್ದಿದ್ದವು, ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿದಾಗಿತ್ತು. ಉಳಿದುಕೊಂಡದ್ದನ್ನು ಮುಗಿಸಲು 1643–44ರಲ್ಲಿ ವಿಲಿಯಂ ಡೌಸಿಂಗ್ ಎಂಬವನು ಕೇಂಬ್ರಿಡ್ಜ್, ಸಫೋಕ್ ಸೀಮೆಗಳ ನೂರಾರು ಇಗರ್ಜಿಗಳಿಗೆ ಹೋಗಿ, ಗಾಜಿನ ಕಿಟಕಿಗಳ ದೇವದೂತರನ್ನು ಒಡೆಸಿ, ಎಲ್ಲಿ ಎಷ್ಟು ಒಡೆದೆ ಎಂದು ದಿನಚರಿ ಬರೆದಿಟ್ಟ. ಆ ದಿನಚರಿ ಇಂದಿಗೂ ಇದೆ. ಕ್ರಿಸ್ತನ ಚಿತ್ರವನ್ನೇ ಸಹಿಸದ ಅದೇ ಜನ ತಮ್ಮ ಉಪದೇಶಕನ ಚಿತ್ರವಿರುವ ಪುಸ್ತಕವನ್ನು ದುಡ್ಡು ಕೊಟ್ಟು ಮನೆಗೆ ತಂದರು. ದೇವರಿಗೆ ಮುಖವಿಲ್ಲದ ಕಡೆ ಗುರುವಿಗೆ ಮುಖ ಬಂತು. ಉಡುಪಿಯಲ್ಲಿ ಇದು ತಿರುಗುಮುರುಗು. ಕೃಷ್ಣನಿಗೆ ದಿನಕ್ಕೊಂದು ಅಲಂಕಾರ, ನವಗ್ರಹ ಕಿಂಡಿಯ ಮುಂದೆ ನಿಂತು ಕಣ್ತುಂಬ ನೋಡಲೆಂದೇ ಇರುವ ಮುಖ. ಆ ಕೃಷ್ಣನ ಪೂಜೆ ಮಾಡಿದ ಯತಿಗೆ ಮಾತ್ರ ಕೊನೆಗೆ ಉಳಿಯುವುದು ಕಲ್ಲಿನ ಬೃಂದಾವನ, ತಲೆಯ ಮೇಲೆ ತುಳಸಿ. ಈ ಎರಡು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಯಾವುದೊಂದೂ ಸರಿಯಾಗಿ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಇಂಗ್ಲೆಂಡಿನ ಕಥೆ ಒಂದು ದೊಡ್ಡ ಚಿತ್ರಸಂಪುಟದಿಂದ ಬಿರುಸು ಪಡೆಯಿತು. 1620ರಲ್ಲಿ ಹೆನ್ರಿ ಹಾಲೆಂಡ್ ಎಂಬ ಪುಸ್ತಕ ವ್ಯಾಪಾರಿ ‘ಹೆರೂಲೋಜಿಯಾ ಆಂಗ್ಲಿಕಾ’ ಎಂಬ ಲ್ಯಾಟಿನ್ ಗ್ರಂಥ ಹೊರತಂದ. ಅದರಲ್ಲಿ ಅರುವತ್ತಕ್ಕೂ ಹೆಚ್ಚು ಇಂಗ್ಲಿಷ್ ಗಣ್ಯರ ಭಾವಚಿತ್ರಗಳಿದ್ದವು, ಅವರಲ್ಲಿ ಬಹಳಷ್ಟು ಮಂದಿ ಪ್ರಾಟೆಸ್ಟೆಂಟ್ ಪಾದ್ರಿಗಳು. ಸುಟ್ಟು ಕೊಲ್ಲಲ್ಪಟ್ಟ ಕ್ರ್ಯಾನ್ಮರ್, ಲ್ಯಾಟಿಮರ್, ರಿಡ್ಲಿ ಕೂಡ ಅಲ್ಲಿದ್ದರು. ಫಲಕ ಕೊರೆದವರು ಇಂಗ್ಲಿಷರಲ್ಲ, ನೆದರ್‌ಲೆಂಡ್ಸಿನ ಪಾಸ್ ಮನೆತನದ ಅಣ್ಣತಂಗಿ, ವಿಲೆಮ್ ಮತ್ತು ಮ್ಯಾಗ್ದಲೀನಾ. ಇಂಗ್ಲೆಂಡಿನ ಹುತಾತ್ಮ ಪಾದ್ರಿಗಳ ಮುಖಗಳನ್ನು ಮುಂದಿನ ತಲೆಮಾರಿಗೆ ದಾಟಿಸಿದ ಕೈಗಳಲ್ಲಿ ಒಂದು ಇಪ್ಪತ್ತರ ಹರೆಯದ ಹೆಣ್ಣಿನದು ಎಂಬುದನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ಆ ಕಸುಬಿನ ಚರಿತ್ರೆಯಲ್ಲಿ ಹೆಂಗಸರ ಹೆಸರು ಸಿಗುವುದು ಅಪರೂಪ.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ನುಣ್ಣಗೆ ಉಜ್ಜಿದ ತಾಮ್ರದ ತಗಡು. ಅದರ ಕೆಳಗೆ ಮರಳು ತುಂಬಿದ ತೊಗಲಿನ ದಿಂಬು. ಬಲಗೈಯ ಅಂಗೈಗೆ ಒತ್ತಿ ಹಿಡಿದ, ತುದಿ ಓರೆಯಾಗಿ ಮಸೆದ ಸಣ್ಣ ಉಕ್ಕಿನ ಉಳಿ. ಕೊರೆಯುವವನು ಉಳಿಯನ್ನು ಮುಂದಕ್ಕೆ ತಳ್ಳುತ್ತಾನೆ, ಬಾಗಿದ ಗೆರೆ ಬೇಕಾದಾಗ ಎಡಗೈಯಿಂದ ತಗಡನ್ನೇ ತಿರುಗಿಸುತ್ತಾನೆ. ಕೆನ್ನೆಯ ಉಬ್ಬಿಗೆ ತೆಳು ಗೆರೆ, ಗಲ್ಲದ ಕೆಳಗಿನ ನೆರಳಿಗೆ ಒತ್ತೊತ್ತು ಅಡ್ಡಗೆರೆ, ಗಡ್ಡಕ್ಕೆ ಎಳೆಯೆಳೆಯಾಗಿ ಬಿಟ್ಟ ಗೀರು. ಮುಗಿದ ಮೇಲೆ ತಗಡಿನ ತುಂಬ ಮಸಿ ಮೆತ್ತಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸುತ್ತಾರೆ. ಮಸಿ ಗೀರುಗಳ ಒಳಗೆ ಮಾತ್ರ ನಿಲ್ಲುತ್ತದೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಎಳೆದರೆ ಕಾಗದ ಗೀರಿನೊಳಗೆ ಇಳಿದು ಮಸಿಯನ್ನು ಹೀರಿಕೊಂಡು ಬರುತ್ತದೆ. ಎಡದಲ್ಲಿ ಕೊರೆದದ್ದು ಬಲಕ್ಕೆ ಬರುವುದರಿಂದ ಹೆಸರು, ವಯಸ್ಸು, ಕೆಳಗಿನ ಪದ್ಯ ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು. ಮೊಳೆ ಅಚ್ಚಿನ ಯಂತ್ರದಲ್ಲಿ ಇದು ಆಗದು, ಆದ್ದರಿಂದ ಪುಸ್ತಕ ಒಂದು ಕಡೆ, ಮುಖ ಇನ್ನೊಂದು ಕಡೆ ಅಚ್ಚಾಗಿ ಆಮೇಲೆ ಒಟ್ಟಿಗೆ ಹೊಲಿಸಿಕೊಳ್ಳುತ್ತಿದ್ದವು.

ನಮ್ಮ ಮಠಗಳ ಓಲೆಗ್ರಂಥ ನೋಡಿದವರಿಗೆ ಇಲ್ಲಿ ಏನೋ ಪರಿಚಿತ ಅನಿಸಲೇಬೇಕು. ತಾಳೆಗರಿಯ ಮೇಲೆ ತುಳು ಲಿಪಿಯಲ್ಲಿ ಬರೆಯುವುದೆಂದರೆ ಕೊರೆಯುವುದೇ. ಕಬ್ಬಿಣದ ಕಂಟದಿಂದ ಗರಿಯ ಮೈಯಲ್ಲಿ ಗೀರು ಎಳೆದು, ಅದರ ಮೇಲೆ ಕಾಡಿಗೆ ಉಜ್ಜಿ, ಮೇಲ್ಮೈ ಒರೆಸಿದರೆ ಮಸಿ ಅಕ್ಷರದ ಒಳಗಷ್ಟೇ ನಿಂತು ಓದು ಕಾಣುತ್ತದೆ. ಕೊರೆ, ಮಸಿ ತುಂಬು, ಒರೆಸು: ಮೂರೂ ಹೆಜ್ಜೆ ಅದೇ. ಲಂಡನ್ನಿನವರು ಆ ಮೇಲೆ ಕಾಗದ ಇಟ್ಟು ಒತ್ತಿದರು, ನಮ್ಮವರು ಇನ್ನೊಂದು ಗರಿ ತೆಗೆದು ಮತ್ತೆ ಮೊದಲಿಂದ ಕೊರೆದರು. ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯೂ ಇದೇ ಬಳಗದ್ದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುವ ವಿದ್ಯೆ ಅದು. ಅಂಕೋಲಾ, ಕುಮಟೆಗಳ ಗೋಡೆಗಳಲ್ಲಿ ಆ ಗೆರೆಗಳನ್ನು ಕಂಡವರು ನಮ್ಮ ಕುಶಲಕರ್ಮಿಗಳ ಕೈ ಬಗ್ಗೆ ಅನುಮಾನಪಡಲಾರರು. ಹಾಗಾಗಿ ಇಲ್ಲಿ ಯತಿಗಳ ಮುಖ ಕೊರೆಯಲಿಲ್ಲವೆಂದರೆ ಅದಕ್ಕೆ ಕೈಬಾರದ್ದು ಕಾರಣವಲ್ಲ.

ತಾಮ್ರದ ಮುಖಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಜಾನ್ ಡನ್‌ನದು. ಕವಿ, ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಡೀನ್. 1631ರಲ್ಲಿ ಸಾವು ಹತ್ತಿರವಾಗಿದೆ ಎಂದು ತಿಳಿದಾಗ ಅವನು ಮಾಡಿದ್ದನ್ನು ಗೆಳೆಯ ಐಸಾಕ್ ವಾಲ್ಟನ್ ಬರೆದಿಟ್ಟಿದ್ದಾನೆ. ಓದುವ ಕೋಣೆಯಲ್ಲಿ ಇದ್ದಿಲ ಬೆಂಕಿ ಹಾಕಿಸಿದ. ಮರದಲ್ಲಿ ಒಂದು ಕಲಶ ಮಾಡಿಸಿ ತಂದಿಟ್ಟ. ಬಟ್ಟೆ ಕಳಚಿ, ಹೆಣಕ್ಕೆ ಸುತ್ತುವ ಬಿಳಿ ಬಟ್ಟೆಯನ್ನು ಸುತ್ತಿಸಿಕೊಂಡು, ತಲೆಯ ಮೇಲೂ ಕಾಲ ಕೆಳಗೂ ಗಂಟು ಹಾಕಿಸಿ, ಮುಖ ಮಾತ್ರ ಕಾಣುವಂತೆ ತೆರೆದು, ಕಣ್ಣು ಮುಚ್ಚಿ ಆ ಕಲಶದ ಮೇಲೆ ನಿಂತ. ಚಿತ್ರಗಾರ ಹಲಗೆಯ ಮೇಲೆ ಆಳೆತ್ತರದ ಚಿತ್ರ ಬರೆದ. ಪ್ರಾಣ ಹೋಗುವವರೆಗೂ ಆ ಹಲಗೆ ಡನ್‌ನ ಹಾಸಿಗೆಯ ಪಕ್ಕದಲ್ಲೇ ಇತ್ತು. ಮರುವರ್ಷ ಅವನ ಕೊನೆಯ ಉಪದೇಶ ‘ಡೆತ್ಸ್ ಡ್ಯುಯೆಲ್’ ಅಚ್ಚಾದಾಗ ಅದರ ಎದುರಿಗೆ ಆ ಹೆಣದುಡುಗೆಯ ಮುಖವೇ ಬಂತು. ಕೊರೆದವನು ಮಾರ್ಟಿನ್ ಡ್ರೂಶೌಟ್, 1623ರಲ್ಲಿ ಶೇಕ್ಸ್‌ಪಿಯರ್‌ನ ನಾಟಕ ಸಂಪುಟಕ್ಕೆ ಮುಖ ಕೊರೆದವನೇ. ಓದುಗ ಉಪದೇಶದ ಮೊದಲ ಸಾಲಿಗೆ ಹೋಗುವ ಮುನ್ನ ಆ ಮಾತನ್ನಾಡಿದವನು ಸತ್ತಿದ್ದಾನೆ ಎಂಬುದನ್ನು ಕಣ್ಣಾರೆ ನೋಡಬೇಕಿತ್ತು.

ದೇಹ ನಶ್ವರ ಎಂದು ಸಾರಲು ಡನ್ ದೇಹವನ್ನೇ ತೋರಿಸಿದ. ನಮ್ಮ ಯತಿಗಳು ಅದೇ ಮಾತನ್ನು ದೇಹವನ್ನು ಮರೆಸಿ ಹೇಳಿದರು. ಸನ್ಯಾಸ ತೆಗೆದುಕೊಳ್ಳುವಾಗಲೇ ಹುಟ್ಟಿದ ಮನೆಯ ಹೆಸರು ಬಿಟ್ಟವರು ಅವರು.

ಹತ್ತೇ ವರ್ಷದಲ್ಲಿ ಪಾದ್ರಿಯ ಮುಖ ಇಂಗ್ಲೆಂಡಿನಲ್ಲಿ ಜಗಳದ ಆಯುಧವೂ ಆಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಲಾಡ್, ಒಂದನೇ ಚಾರ್ಲ್ಸ್ ದೊರೆಯ ಬಲಗೈ. 1637ರಲ್ಲಿ ಅವನ ವಿರುದ್ಧ ಬರೆದ ಪ್ರಿನ್, ಬಾಸ್ಟ್‌ವಿಕ್, ಬರ್ಟನ್ ಎಂಬ ಮೂವರ ಕಿವಿಗಳನ್ನು ಸಾರ್ವಜನಿಕವಾಗಿ ಕತ್ತರಿಸಿದರು. 1641ರಲ್ಲಿ ಲಾಡ್ ಸೆರೆಮನೆ ಸೇರಿದಾಗ ಬೀದಿಯಲ್ಲಿ ಮಾರಾಟವಾದ ಒಂದು ಪುಸ್ತಿಕೆಯ ಮರದಚ್ಚು ಚಿತ್ರದಲ್ಲಿ ಅವನು ಊಟಕ್ಕೆ ಕುಳಿತಿದ್ದಾನೆ, ತಟ್ಟೆಯಲ್ಲಿರುವುದು ಮನುಷ್ಯರ ಕಿವಿಗಳು. ನೋಡಿದವರಿಗೆ ಇದು ಲಾಡ್ ಎಂದು ಹೇಳಿಕೊಡಬೇಕಾಗಿರಲಿಲ್ಲ. ವ್ಯಾನ್ ಡೈಕ್ ಬರೆದ ಅವನ ಚಿತ್ರದ ಅಚ್ಚುಗಳು ಆಗಲೇ ಊರೆಲ್ಲ ಹರಡಿದ್ದವು. ಗೌರವಕ್ಕೆಂದು ಹಂಚಿದ ಮುಖವನ್ನೇ ಎತ್ತಿಕೊಂಡು ಜನ ಅವಮಾನ ಮಾಡಿದರು. 1645ರ ಜನವರಿ 10ರಂದು ಅವನ ತಲೆ ಕಡಿದರು. ನಾಲ್ಕು ವರ್ಷಗಳ ನಂತರ ದೊರೆಗೂ ಅದೇ ಗತಿಯಾಯಿತು. ಈ ಏರಿಳಿತದಲ್ಲಿ ಫಲಕ ಇಟ್ಟುಕೊಂಡ ವ್ಯಾಪಾರಿಗಳು ಬಹಳ ಚುರುಕು. ಪಿಯೆರ್ ಲೊಂಬಾರ್ ಎಂಬವನ ಒಂದು ಫಲಕದಲ್ಲಿ ಕುದುರೆ ಏರಿದವನ ತಲೆ ಒಮ್ಮೆ ದೊರೆಯ ವೈರಿ ಕ್ರಾಮ್‌ವೆಲ್ಲನದು, ಕಾಲ ಬದಲಾದಾಗ ದೊರೆಯದು. ತಾಮ್ರವನ್ನು ಉಜ್ಜಿ ತಟ್ಟಿದರೆ ಹಳೆಯ ಮುಖ ಹೋಗುತ್ತದೆ.

ಆದರೆ ಈ ಕಸುಬು ನಿಜವಾಗಿ ಜನರ ಎದೆಗೆ ತಾಗಿದ್ದು 1662ರಲ್ಲಿ. ದೊರೆತನ ಮರಳಿ ಬಂದಿತ್ತು. ಹೊಸ ಕಾನೂನಿನ ಪ್ರಕಾರ ಪ್ರತಿಯೊಬ್ಬ ಪಾದ್ರಿಯೂ ಸರಕಾರಿ ಪ್ರಾರ್ಥನಾ ಪುಸ್ತಕದ ಪ್ರತಿಯೊಂದು ಮಾತನ್ನೂ ಒಪ್ಪಬೇಕು, ಇಲ್ಲವೇ ಆಗಸ್ಟ್ 24ರ ಸೇಂಟ್ ಬಾರ್ಥೊಲೊಮ್ಯೂ ಹಬ್ಬದೊಳಗೆ ಇಗರ್ಜಿ ಬಿಡಬೇಕು. ಹಿಂದುಮುಂದಿನ ವರ್ಷಗಳನ್ನೂ ಸೇರಿಸಿದರೆ ಸುಮಾರು 2000 ಮಂದಿ ಬಿಟ್ಟರು. ಮನೆ, ಸಂಬಳ, ಮಾತನಾಡುವ ಪೀಠ ಎಲ್ಲವೂ ಹೋಯಿತು. ಹಬ್ಬಕ್ಕೆ ಮುಂಚಿನ ಭಾನುವಾರ, ಆಗಸ್ಟ್ 17ರಂದು, ಲಂಡನ್ನಿನ ಇಗರ್ಜಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನೌಕಾಪಡೆಯ ಕಚೇರಿಯ ನೌಕರ ಸ್ಯಾಮ್ಯುಯೆಲ್ ಪೀಪ್ಸ್ ಅಂದು ಸೇಂಟ್ ಡನ್‌ಸ್ಟನ್ಸ್‌ಗೆ ಹೋಗಿ ಡಾಕ್ಟರ್ ಬೇಟ್ಸ್‌ನ ಕೊನೆಯ ಉಪದೇಶ ಕೇಳಿದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಜನ ಆ ವಿದಾಯದ ಮಾತುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಅವು ಕೂಡಲೇ ಪುಸ್ತಕವಾಗಿ ಬಂದವು, ಎದುರಿನ ಹಾಳೆಯಲ್ಲಿ ಪುಟ್ಟ ಪುಟ್ಟ ಅಂಡಾಕಾರದ ಚೌಕಟ್ಟುಗಳೊಳಗೆ ಆ ಉಪದೇಶಕರ ಮುಖಗಳು ಸಾಲಾಗಿ ಕುಳಿತಿದ್ದವು. ತಲೆಗಂಟಿದ ಕರಿ ಟೊಪ್ಪಿ, ಕೊರಳಲ್ಲಿ ಬಿಳಿಯ ಪಟ್ಟಿ, ಭುಜದ ಮೇಲೆ ಕರಿ ನಿಲುವಂಗಿ. ಎಲ್ಲರೂ ಒಂದೇ ಉಡುಪಿನಲ್ಲಿದ್ದರೂ ಮುಖಗಳು ಬೇರೆ ಬೇರೆ.

ಮೂರು ವರ್ಷಗಳ ನಂತರ ಇನ್ನೂ ಕಠಿಣವಾದ ಕಾನೂನು ಬಂತು. ಹೊರಹಾಕಿಸಿಕೊಂಡ ಪಾದ್ರಿ ತಾನು ಹಿಂದೆ ಉಪದೇಶ ಮಾಡಿದ ಊರಿನಿಂದ ಐದು ಮೈಲಿಯೊಳಗೆ ಬರಕೂಡದು. ತಮ್ಮ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿದವನು, ಅಪ್ಪ ಸತ್ತಾಗ ಪಕ್ಕದಲ್ಲಿ ನಿಂತವನು, ಈಗ ಊರ ಗಡಿಯಾಚೆ. ಅಂಥ ಹೊತ್ತಿನಲ್ಲಿ ಮನೆಯ ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಅವನ ಮುಖವಿದ್ದರೆ ಅದು ಏನಾಗಿದ್ದಿರಬೇಕು! ಚಿತ್ರದ್ವೇಷಿಗಳು ಚಿತ್ರ ಕೊಂಡದ್ದೇಕೆ ಎಂಬ ಪ್ರಶ್ನೆಗೆ ನನಗೆ ಕಾಣುವ ಉತ್ತರ ಇಲ್ಲಿದೆ. ಅವರ ಧರ್ಮ ಕಿವಿಯ ಧರ್ಮ. ಪೂಜೆಯಿಲ್ಲ, ಆರತಿಯಿಲ್ಲ, ದರ್ಶನವಿಲ್ಲ, ಇರುವುದು ಪೀಠದ ಮೇಲೆ ನಿಂತು ಆಡುವ ಮಾತು. ಆ ಮಾತು ಒಬ್ಬ ಮನುಷ್ಯನ ಬಾಯಿಂದಲೇ ಬರಬೇಕು. ಅವನನ್ನು ದೂರ ಮಾಡಿದ ಮೇಲೆ ಅಚ್ಚಾದ ಅಕ್ಷರ ಮಾತನ್ನು ಉಳಿಸಿತು, ಅಚ್ಚಾದ ಮುಖ ಬಾಯನ್ನು ಉಳಿಸಿತು. ಅವರು ಅದಕ್ಕೆ ಕೈಮುಗಿಯಲಿಲ್ಲ, ಮೊಂಬತ್ತಿ ಹಚ್ಚಲಿಲ್ಲ. ಎದುರಿಗೆ ಇಟ್ಟುಕೊಂಡು ಓದಿದರು.

ಇಂಥ ಮುಖಗಳನ್ನು ಕೊರೆದವರಲ್ಲಿ ರಾಬರ್ಟ್ ವೈಟ್‌ಗೆ ದೊಡ್ಡ ಹೆಸರು. ಚರ್ಮದ ಹಾಳೆಯ ಮೇಲೆ ಸೀಸದಿಂದ ಎದುರಿಗೆ ಕುಳಿತವರ ಮುಖ ತೆಗೆದು, ಅದನ್ನೇ ತಾಮ್ರಕ್ಕೆ ಇಳಿಸುತ್ತಿದ್ದ. ರಿಚರ್ಡ್ ಬ್ಯಾಕ್ಸ್‌ಟರ್ ಅವನ ಉಳಿಗೆ ಸಿಕ್ಕವನು. ಕಿಡ್ಡರ್‌ಮಿನ್‌ಸ್ಟರ್‌ನ ನೇಕಾರರ ಊರಿನಲ್ಲಿ ಪಾದ್ರಿಯಾಗಿದ್ದು, ಪೀಠ ಕಳೆದುಕೊಂಡು, ಎಪ್ಪತ್ತರ ಹತ್ತಿರ ಬಂದಾಗ ನ್ಯಾಯಾಲಯದಲ್ಲಿ ಬೈಗುಳ ತಿಂದು ಸೆರೆಗೂ ಹೋದವನು ಬ್ಯಾಕ್ಸ್‌ಟರ್. ಅವನ ಗುಳಿಬಿದ್ದ ಕೆನ್ನೆ, ಉದ್ದ ಮೂಗು, ರೋಗಿಯ ಕಣ್ಣು ಆ ಚಿತ್ರದಲ್ಲಿ ಸ್ವಲ್ಪವೂ ಮರೆಯಾಗಿಲ್ಲ. ವೈಟ್ ಕೊರೆದ ಇನ್ನೊಬ್ಬ ಜಾನ್ ಬನ್ಯನ್. ಪಾತ್ರೆ ರಿಪೇರಿ ಮಾಡುತ್ತಿದ್ದ ಈತನಿಗೆ ಬಿಷಪ್ಪರ ಮುದ್ರೆಯಿಲ್ಲ. ಅನುಮತಿಯಿಲ್ಲದೆ ಉಪದೇಶ ಮಾಡಿದ್ದಕ್ಕೆ 1660ರಿಂದ 1672ರವರೆಗೆ ಬೆಡ್‌ಫರ್ಡ್ ಸೆರೆಮನೆಯಲ್ಲಿ ಕಳೆದ. 1678ರಲ್ಲಿ ಬಂದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನ ಮೂರನೆಯ ಮುದ್ರಣಕ್ಕೆ ವೈಟ್ ಅವನನ್ನು ಕೈಗೆ ತಲೆಯಾನಿಸಿ ಕನಸು ಕಾಣುತ್ತಿರುವಂತೆ ಕೊರೆದ. ತಲೆಯ ಹಿಂದೆ ಬೆಟ್ಟ ಹತ್ತುತ್ತಿರುವ ಯಾತ್ರಿಕ, ಕೆಳಗೆ ಗುಹೆಯಲ್ಲಿ ಸಿಂಹ. ಬನ್ಯನ್ ಮುಂದೆ ನಮ್ಮ ಕರಾವಳಿಗೂ ಬರುತ್ತಾನೆ.

1688ರಲ್ಲಿ ಪಾದ್ರಿಗಳ ಮುಖ ಒಂದು ರಾಜ್ಯವನ್ನೇ ಅಲ್ಲಾಡಿಸುವುದರಲ್ಲಿ ಪಾಲು ಪಡೆಯಿತು. ಎರಡನೇ ಜೇಮ್ಸ್ ದೊರೆಯ ಧಾರ್ಮಿಕ ವಿನಾಯಿತಿಯ ಘೋಷಣೆಯನ್ನು ಇಗರ್ಜಿಗಳಲ್ಲಿ ಓದಲಾರೆವೆಂದು ಆರ್ಚ್‌ಬಿಷಪ್ ಸ್ಯಾನ್‌ಕ್ರಾಫ್ಟ್ ಮತ್ತು ಆರು ಬಿಷಪ್ಪರು ಮನವಿ ಕೊಟ್ಟರು. ಜೂನ್ 8ರಂದು ಅವರನ್ನು ಟವರ್ ಸೆರೆಗೆ ಕಳುಹಿಸಿದರು, ಜೂನ್ 30ರಂದು ಪಂಚರು ನಿರ್ದೋಷಿಗಳೆಂದರು. ಲಂಡನ್ ರಾತ್ರಿಯಿಡೀ ಬೆಂಕಿ ಹಾಕಿ ಕುಣಿಯಿತು. ಏಳು ಮುಖಗಳ ಅಚ್ಚುಚಿತ್ರಗಳು ನಡುವೆ ಸ್ಯಾನ್‌ಕ್ರಾಫ್ಟ್, ಸುತ್ತ ಆರು ಜನ ಎಂಬ ಜೋಡಣೆಯಲ್ಲಿ ಮಾರಾಟವಾದವು. ಆ ವರ್ಷ ಮುಗಿಯುವುದರೊಳಗೆ ದೊರೆ ದೇಶ ಬಿಟ್ಟು ಓಡಿದ.

ಇದೇ ನೂರು ವರ್ಷಗಳಲ್ಲಿ ತುಳುನಾಡಿನ ಧರ್ಮಗುರುಗಳನ್ನು ಯೂರೋಪಿನ ಕಣ್ಣು ನೋಡಲೇ ಇಲ್ಲವೆಂದಲ್ಲ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ, ಘಟ್ಟ ಇಳಿದು ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ಬೀದಿಯಲ್ಲೇ ಕಂಡು ಮಾತನಾಡಿದ. ಕದಿರೆಗೆ ಹೋಗಿ ಅಲ್ಲಿಯ ಜೋಗಿಗಳ ಅರಸನನ್ನು ಭೇಟಿಯಾದ. ಮುದುಕ, ಆದರೂ ಗಟ್ಟಿ ಆಳು, ಉದ್ದದ ಬಿಳಿ ಗಡ್ಡ, ಕಿವಿಯಲ್ಲಿ ಚಿನ್ನದಂತೆ ತೋರುವ ಗುಂಡುಗಳು ಎಂದು ಗೆಳೆಯನಿಗೆ ಪತ್ರ ಬರೆದ. ಆ ಪತ್ರಗಳ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಬಂದದ್ದು 1665ರಲ್ಲಿ, ಐದು ಮೈಲಿಯ ಕಾನೂನು ಬಂದ ವರ್ಷವೇ. ನನಗೆ ತಿಳಿದಂತೆ ಆ ಶತಮಾನದ ತುಳುನಾಡಿನ ಧರ್ಮಗುರುವೊಬ್ಬರ ಮುಖಕ್ಕೆ ಬಹಳ ಹತ್ತಿರ ಹೋದ ಬರಹ ಅದು. ಅದಕ್ಕೂ ಮೊದಲು, 1596ರಲ್ಲಿ, ಗೋವೆಯಲ್ಲಿದ್ದು ಹೋದ ಲಿನ್‌ಸ್ಕೋಟೆನ್‌ನ ಪುಸ್ತಕದಲ್ಲಿ ಈ ಕರಾವಳಿಯ ಬ್ರಾಹ್ಮಣರೂ ರೈತರೂ ತಾಮ್ರಕ್ಕಿಳಿದಿದ್ದರು. ಅವರು ಬ್ರಾಹ್ಮಣ, ಕನ್ನಡಿಗ, ವರ್ತಕ ಎಂಬ ಜಾತಿಯ ಮಾದರಿಗಳು ಮಾತ್ರ. ಲಂಡನ್ನಿನ ಪಾದ್ರಿಯ ಚಿತ್ರದ ಕೆಳಗೆ ಹೆಸರು, ಪದವಿ, ವಯಸ್ಸು ಇರುತ್ತಿತ್ತು. ನಮ್ಮವರ ಚಿತ್ರದ ಕೆಳಗೆ ಕುಲದ ಹೆಸರು. ಒಂದೇ ಉಳಿ, ಒಂದೇ ತಾಮ್ರ, ಆದರೆ ಮನುಷ್ಯನೆಂಬ ಮರ್ಯಾದೆ ಒಬ್ಬರಿಗೆ ಮಾತ್ರ ಸಿಕ್ಕಿತು. ಇದನ್ನು ನಾನು ಸುಮ್ಮನೆ ದಾಟಲಾರೆ.

ಹಾಗಾದರೆ ಇಲ್ಲಿಯವರು ತಮ್ಮ ಗುರುವನ್ನು ಹೇಗೆ ಉಳಿಸಿಕೊಂಡರು? ಮೊದಲನೆಯದಾಗಿ ಮಾತಿನಲ್ಲಿ. ಉಡುಪಿಯ ಮಠಗಳ ಮೂಲಗುರು ಮಧ್ವಾಚಾರ್ಯರ ಚರಿತ್ರೆಯಾದ ‘ಸುಮಧ್ವವಿಜಯ’ವನ್ನು ನಾರಾಯಣ ಪಂಡಿತಾಚಾರ್ಯರು ಕಾವ್ಯವಾಗಿ ಬರೆದರು. ಆಚಾರ್ಯರ ಮೈಯ ವರ್ಣನೆ ಅಲ್ಲಿ ಧಾರಾಳವಾಗಿದೆ. ಅದು ಮಹಾಪುರುಷನ ಮೂವತ್ತೆರಡು ಲಕ್ಷಣಗಳ ವರ್ಣನೆ, ಒಬ್ಬ ವ್ಯಕ್ತಿಯ ಮಚ್ಚೆ, ಸುಕ್ಕುಗಳ ಲೆಕ್ಕವಲ್ಲ. ಆಚಾರ್ಯರ ವಿಗ್ರಹಗಳೂ ಹಾಗೆಯೇ. ಎತ್ತಿದ ಎರಡು ಬೆರಳು ನೋಡಿದರೆ ಸಾಕು, ಮಧ್ವರೆಂದು ಮಗುವಿಗೂ ಗೊತ್ತು. ಹೋಲಿಕೆಯ ಭಾರವನ್ನು ಆ ಬೆರಳುಗಳೇ ಹೊತ್ತಿವೆ.

ಎರಡನೆಯದು ಬೃಂದಾವನ. ಇದನ್ನು ಮುಖದ ಕೊರತೆ ತುಂಬುವ ಬದಲಿ ವಸ್ತು ಎಂದು ತಿಳಿದರೆ ತಪ್ಪಾಗುತ್ತದೆ. ಭಕ್ತರ ನಂಬಿಕೆಯಲ್ಲಿ ಗುರುಗಳು ಅದರೊಳಗೆ ಇದ್ದಾರೆ. ಸೋದೆಯಲ್ಲಿ ವಾದಿರಾಜರದು ಪಂಚಬೃಂದಾವನ, ನಡುವೆ ಒಂದು, ಸುತ್ತ ನಾಲ್ಕು. ಇರುವ ಗುರುವಿನ ಚಿತ್ರ ಯಾರಿಗೆ ಬೇಕು? ಚಿತ್ರ ಬೇಕಾಗುವುದು ಇಲ್ಲದವನದು, ದೂರ ಹೋದವನದು. ಇನ್ನು ದೂರದ ಊರಿನ ಭಕ್ತರಿಗೆ ಗುರುವನ್ನು ತಲುಪಿಸುವುದು ಹೇಗೆ? ಅದಕ್ಕೂ ಇಲ್ಲಿ ಒಂದು ಕ್ರಮವಿತ್ತು. ಮೂಲ ಬೃಂದಾವನದ ಮೃತ್ತಿಕೆಯನ್ನು, ಅಂದರೆ ಅಲ್ಲಿಯ ಮಣ್ಣನ್ನು, ಮಡಿಯಿಂದ ತಂದು ಹೊಸ ಊರಿನಲ್ಲಿ ಇಟ್ಟು, ಅದರ ಮೇಲೆ ಇನ್ನೊಂದು ಬೃಂದಾವನ ಕಟ್ಟುವುದು. ಬ್ಯಾಕ್ಸ್‌ಟರ್‌ನ ಪುಸ್ತಕಗಳು ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 1671ರಲ್ಲಿ ಮಂತ್ರಾಲಯದಲ್ಲಿ ರಾಘವೇಂದ್ರ ತೀರ್ಥರು ಬೃಂದಾವನ ಪ್ರವೇಶ ಮಾಡಿದರು. ಇವತ್ತು ಕರ್ನಾಟಕದ ಪೇಟೆಪೇಟೆಯಲ್ಲಿ ಕಾಣುವ ರಾಯರ ಮಠಗಳ ಮೃತ್ತಿಕಾ ಬೃಂದಾವನಗಳು ಆ ಒಂದು ಮೂಲದಿಂದ ಹಬ್ಬಿದವು. ಇಂಗ್ಲೆಂಡಿನಲ್ಲಿ ಒಂದು ತಾಮ್ರದ ಫಲಕದಿಂದ ನೂರಾರು ಮುಖಗಳು ಹೊರಟರೆ, ಇಲ್ಲಿ ಒಂದು ಹಿಡಿ ಮಣ್ಣಿನಿಂದ ನೂರಾರು ಸನ್ನಿಧಿಗಳು ಹೊರಟವು. ತಾಮ್ರದ ಗೆರೆ ಒತ್ತಿದಂತೆಲ್ಲ ಸವೆಯುತ್ತದೆ, ಕೊನೆಕೊನೆಯ ಪ್ರತಿಗಳಲ್ಲಿ ಮುಖ ಮಸುಕು. ಮೃತ್ತಿಕೆಗೆ ಆ ಸವೆತವಿಲ್ಲ, ನೂರನೆಯ ಬೃಂದಾವನಕ್ಕೂ ಮೊದಲನೆಯದಕ್ಕೂ ಭಕ್ತರು ಮಾಡುವ ಪ್ರದಕ್ಷಿಣೆ ಒಂದೇ. ಮಟ್ಟುವಿನ ಬೀಜವನ್ನು ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಕೊಟ್ಟವರ ಕೈಯಿಂದ ಬಂದ ವಸ್ತುವನ್ನು ವರ್ಷವರ್ಷವೂ ಮುಂದುವರಿಸುವುದು ಈ ನೆಲದ ನೆನಪಿನ ರೀತಿ.

ಮುಖ ಅಚ್ಚು ಹಾಕಬಲ್ಲ ಯಂತ್ರ ಈ ಕರಾವಳಿಗೆ ಬಂದದ್ದು ಪಾದ್ರಿಗಳ ಕೈಯಲ್ಲೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. ಸುಣ್ಣಕಲ್ಲಿನ ಮೇಲೆ ಜಿಡ್ಡು ಮಸಿಯಿಂದ ಬರೆದು, ನೀರು ಹಚ್ಚಿ, ಮತ್ತೆ ಮಸಿ ಉರುಳಿಸಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಕೊರೆಯುವ ಗೋಜಿಲ್ಲ. ಅದೇ ಮಿಶನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಈ ಕಲ್ಲಿನಲ್ಲೇ ಅಚ್ಚಾಯಿತು. ತುಳುವಿನ ಹೊಸ ಒಡಂಬಡಿಕೆ 1847ರಲ್ಲಿ ಪೂರ್ತಿಯಾಯಿತು. ಅದೇ ವರ್ಷ ಗಾಟ್‌ಫ್ರೀಡ್ ವೈಗ್ಲೆ ಅನುವಾದಿಸಿದ ‘ಯಾತ್ರಿಕನ ಸಂಚಾರ’ ಬಂತು. ಬೆಡ್‌ಫರ್ಡ್ ಸೆರೆಮನೆಯ ಬನ್ಯನ್ ಕನ್ನಡದಲ್ಲಿ ಮಾತನಾಡತೊಡಗಿದ. ಮೋಗ್ಲಿಂಗ್ ಅಷ್ಟಕ್ಕೆ ನಿಲ್ಲದೆ ಜೈಮಿನಿ ಭಾರತ, ಬಸವಪುರಾಣಗಳನ್ನೂ ಹರಿದಾಸರ ಪದಗಳನ್ನೂ ಅಚ್ಚಿಗೆ ತಂದರು. ವಾದಿರಾಜರು ಸೇರಿದ ದಾಸಪರಂಪರೆಯ ಹಾಡುಗಳಿಗೆ ಮುದ್ರಣದ ಬಾಗಿಲು ತೆರೆದವರು ಪರಮತದ ಒಬ್ಬ ಪಾದ್ರಿ ಎಂಬುದನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. ಆ ಪಾದ್ರಿಗಳಲ್ಲಿ ಒಬ್ಬರ ಮುಖ ಈಗ ನಮ್ಮ ಮನೆಯವರ ಮುಖದಷ್ಟೇ ಪರಿಚಿತ. 1894ರಲ್ಲಿ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ ಪಾದ್ರಿಯೆಂದು ನಮ್ಮ ಶಾಲೆಯ ಮಕ್ಕಳಿಗೆ ತಕ್ಷಣ ಹೊಳೆಯುವುದಿಲ್ಲ. ಆ ಗಡ್ಡದ ಮುಖ ಅವರ ಮಟ್ಟಿಗೆ ಕನ್ನಡ ಪದಕೋಶದ ಮುಖ.

ಇಂಗ್ಲೆಂಡಿನ ತಾಮ್ರದ ಮುಖಗಳ ಕೊನೆ ಅಷ್ಟು ಚೆನ್ನಾಗಿ ಆಗಲಿಲ್ಲ. ಪೀಪ್ಸ್ ವೃದ್ಧಾಪ್ಯದಲ್ಲಿ ಅಚ್ಚುಮುಖಗಳನ್ನು ಕೂಡಿಹಾಕಿ ಆಲ್ಬಂ ಕಟ್ಟಿದ, ಅವು ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಉಳಿದಿವೆ. 1769ರಲ್ಲಿ ಶಿಪ್‌ಲೇಕ್ ಎಂಬ ಹಳ್ಳಿಯ ಪಾದ್ರಿ ಜೇಮ್ಸ್ ಗ್ರೇಂಜರ್ ಅಚ್ಚುಮುಖಗಳ ಪಟ್ಟಿಯ ಸುತ್ತ ಇಂಗ್ಲೆಂಡಿನ ಚರಿತ್ರೆಯನ್ನೇ ಹೆಣೆದು ಪ್ರಕಟಿಸಿದ. ಅವನ ಬಳಿ 14,000ಕ್ಕೂ ಹೆಚ್ಚು ಅಚ್ಚುಗಳಿದ್ದವು. ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಶ್ರೀಮಂತರು ಅದರ ನಡುವೆ ಅಂಟಿಸಲೆಂದು ಹಳೆಯ ಉಪದೇಶದ ಪುಸ್ತಕಗಳಿಂದ ಮುಖದ ಹಾಳೆಗಳನ್ನು ಕಿತ್ತರು. ಮಾತಿನ ಎದುರಿಗೆ ಕುಳಿತು ನೂರು ವರ್ಷ ಕಾವಲಿದ್ದ ಮುಖ ಮಾತಿನಿಂದ ಬೇರೆಯಾಯಿತು. ಅನೇಕ ಪುಸ್ತಕಗಳಲ್ಲಿ ಈಗ ಹೊಲಿಗೆಯ ಬಳಿ ಹರಿದ ಅಂಚು ಮಾತ್ರ ಸಿಗುತ್ತದೆ.

ನಮ್ಮಲ್ಲಿ ಮುಖ ತಡವಾಗಿ ಬಂತು. 1894ರಲ್ಲಿ ರವಿವರ್ಮ ಮುಂಬೈಯ ಘಾಟ್ಕೋಪರಿನಲ್ಲಿ ಬಣ್ಣದ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ದೇವರುಗಳು ಗೋಡೆಗೋಡೆಗೆ ಬಂದರು, ಶಿಷ್ಯರೊಡನೆ ಕುಳಿತ ಶಂಕರಾಚಾರ್ಯರೂ ಬಂದರು. ಇಪ್ಪತ್ತನೆಯ ಶತಮಾನದ ಕ್ಯಾಲೆಂಡರುಗಳಲ್ಲಿ ವಾದಿರಾಜರಿಗೂ ಒಂದು ರೂಪ ಸಿಕ್ಕಿತು. ತಲೆಯ ಮೇಲೆ ಹಯಗ್ರೀವ ಮಡ್ಡಿ ಎಂಬ ಸಿಹಿಯ ತಟ್ಟೆ, ಹಿಂದಿನಿಂದ ಹೆಗಲ ಮೇಲೆ ಮುಂಗಾಲಿಟ್ಟು ಅದನ್ನು ತಿನ್ನುತ್ತಿರುವ ಬಿಳಿ ಕುದುರೆ. ಅದರಲ್ಲಿಯೂ ಚಿತ್ರಗಾರನ ಪ್ರೀತಿಯೆಲ್ಲ ಕುದುರೆಯ ಮೇಲೆ, ತಟ್ಟೆಯ ಮೇಲೆ, ಆ ಹೆಗಲಿನ ಸಲುಗೆಯ ಮೇಲೆ. ಯತಿಯ ಮುಖ ಸೌಮ್ಯವಾದ ಯಾವ ಯತಿಯದಾದರೂ ಆಗಬಹುದು. ಆಮೇಲೆ ಫೋಟೋ ಬಂತು, ಇರುವ ಸ್ವಾಮಿಗಳ ನಿಜಮುಖ ಮನೆಗಳ ಗೋಡೆ ಸೇರಿತು. ಈಗ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ ಹತ್ತಿರ ಬಂದಂತೆ ಕಟಪಾಡಿಯಿಂದ ಉಡುಪಿಯ ರಥಬೀದಿಯವರೆಗೂ ಸ್ವಾಗತ ಕಮಾನುಗಳಲ್ಲಿ ಪೀಠವೇರುವ ಯತಿಗಳ ಭಾವಚಿತ್ರ ಕಾಣುತ್ತದೆ, ಕೆಳಗೆ ಹೆಸರು, ಮಠ, ಎಷ್ಟನೆಯ ಪರ್ಯಾಯ ಎಂಬ ವಿವರ. ಆ ಕಮಾನುಗಳ ಕೆಳಗೇ ಮಟ್ಟುವಿನ ಗುಳ್ಳ ತುಂಬಿದ ಹೊರೆಕಾಣಿಕೆಯ ವಾಹನಗಳು ಹೋಗುತ್ತವೆ.